ಪಾಲಿಕೆಯ ಎಕ್ಸ್ ಖಾತೆಗೆ ದೂರು ಬರೆಯುವ ಸರಿಯಾದ ಕ್ರಮ ಯಾವುದು? ಅವರ ಪೋಸ್ಟ್‌ಗಳನ್ನು ಸೊಸೈಟಿಯವರಿಗೆ ಕನ್ನಡದಲ್ಲಿ ತಲುಪಿಸುವುದು ಹೇಗೆ?

ಕಾಂದಿವಲಿ_ಪೂರ್ವ

ಎಲ್ಲರಿಗೂ ನಮಸ್ಕಾರ. ಮುಂಬಯಿಯಲ್ಲಿ ಸೊಸೈಟಿ (ವಸತಿ ಕಟ್ಟಡದ ಸಂಘ) ಕಮಿಟಿಯಲ್ಲಿರುವವರು, ವಾರ್ಡ್ ಆಫೀಸಿನ ವ್ಯವಹಾರ ಬಲ್ಲವರು ಸ್ವಲ್ಪ ದಾರಿ ತೋರಿಸಬೇಕು.

ಮಹಾನಗರ ಪಾಲಿಕೆಗೆ ಎಕ್ಸ್‌ನಲ್ಲಿ ಮುಖ್ಯ ಖಾತೆ ಒಂದಿದೆ, ವಾರ್ಡುಗಳದ್ದು ಬೇರೆ ಬೇರೆ ಖಾತೆ. ವಾಟ್ಸಾಪ್ ಚಾಟ್‌ಬಾಟ್ ಇದೆ, 1916 ಸಹಾಯವಾಣಿ ಇದೆ. ಯಾವ ಕೆಲಸಕ್ಕೆ ಯಾವುದನ್ನು ಹಿಡಿಯಬೇಕು? ಪೋಸ್ಟಿಗೆ "ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ" ಎಂಬ ಉತ್ತರ ಬಂದರೆ ದೂರು ದಾಖಲಾಯಿತು ಎಂದುಕೊಳ್ಳಬಹುದೇ? ಏನೇನು ಬರೆದರೆ ಎಂಜಿನಿಯರ್ ಯಾರನ್ನೂ ಕೇಳದೆ ಜಾಗಕ್ಕೆ ಬರಬಲ್ಲರು?

ಎರಡನೆಯದು. ಮರಾಠಿ ಚೆನ್ನಾಗಿ ಮಾತಾಡುವ, ಆದರೆ ಓದಲು ತಡವರಿಸುವ ಹಿರಿಯರು ಕಟ್ಟಡದಲ್ಲಿ ಹಲವರಿದ್ದಾರೆ. ನೀರು ಬಂದ್, ಮಳೆ ಎಚ್ಚರಿಕೆ ಇವನ್ನೆಲ್ಲ ಕನ್ನಡದಲ್ಲಿ ಗ್ರೂಪಿಗೆ ಹಾಕಬೇಕೆಂದಿದೆ. ತಪ್ಪು ಮಾಹಿತಿ ಹೋಗದಂತೆ ಮಾಡುವುದು ಹೇಗೆ?

ಸಯನ್_ಸರ್ಕಲ್

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಪೋಸ್ಟ್ ಬೇರೆ, ದೂರು ಬೇರೆ. ದೂರಿಗೆ ಒಂದು ನಂಬರ್ ಇರುತ್ತದೆ. ಆ ನಂಬರ್ ಕೈಗೆ ಬರುವವರೆಗೆ ನೀವು ಬರೆದದ್ದು ಬರೀ ಮಾತು. ನಾಳೆ ಮೇಲಧಿಕಾರಿಯ ಹತ್ತಿರ ಹೋಗಲಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ, ಅವರು ಕೇಳುವುದು ನಂಬರನ್ನೇ. ಆದ್ದರಿಂದ ಮೊದಲು 1916ಕ್ಕೆ ಫೋನ್ ಮಾಡಿಯೋ, ಪಾಲಿಕೆಯ ಪೋರ್ಟಲ್‌ನಲ್ಲೋ ದಾಖಲಿಸಿ ನಂಬರ್ ಪಡೆಯಿರಿ. ಆಮೇಲೆ ಅದನ್ನು ಪೋಸ್ಟಿನ ಮೊದಲ ಸಾಲಿನಲ್ಲೇ ಬರೆದು ಎಕ್ಸ್‌ನಲ್ಲಿ ಹಾಕಿ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

2022ರ ಜನವರಿಯಲ್ಲಿ ಶುರುವಾದ ವಾಟ್ಸಾಪ್ ಚಾಟ್‌ಬಾಟ್ 89992 28999 ಮಾಹಿತಿ ಹುಡುಕಲು, ಸೇವೆಗಳ ದಾರಿ ತಿಳಿಯಲು ಒಳ್ಳೆಯದು. ಆದರೆ ತೆರೆದ ಮ್ಯಾನ್‌ಹೋಲ್, ಬಿದ್ದ ಮರ, ರಸ್ತೆ ಮೇಲೆ ನಿಂತ ನೀರು, ಕುಸಿಯುವಂತಿರುವ ಗೋಡೆ ಕಂಡರೆ ಪೋಸ್ಟ್ ಬರೆಯುತ್ತಾ ಕೂರಬೇಡಿ, ನೇರ 1916. ಅದು ವಿಪತ್ತು ನಿರ್ವಹಣಾ ಕೊಠಡಿಯ ನಂಬರ್, ದಿನದ 24 ಗಂಟೆಯೂ ಎತ್ತುತ್ತಾರೆ. ಎಕ್ಸ್ ಖಾತೆಯನ್ನು ರಾತ್ರಿ ಎರಡು ಗಂಟೆಗೆ ಯಾರಾದರೂ ನೋಡಿಯೇ ನೋಡುತ್ತಾರೆ ಎಂಬ ಭರವಸೆಯ ಮೇಲೆ ಅಂಥ ಕೆಲಸ ಬಿಡಬಾರದು.

ಇನ್ನು ಪೋಸ್ಟಿನ ಒಳಗೆ ಏನಿರಬೇಕು. ವಾರ್ಡಿನಲ್ಲಿ ಸಹಾಯಕ ಆಯುಕ್ತರ ಕೆಳಗೆ ವಿಭಾಗಗಳು ಹಂಚಿಹೋಗಿವೆ. ರಸ್ತೆ, ಫುಟ್‌ಪಾತ್ ನೋಡುವ ಮೇಂಟೆನೆನ್ಸ್, ಜಲ ವಿಭಾಗ, ಕಸದ್ದು ಘನತ್ಯಾಜ್ಯ, ಮರಕ್ಕೆ ಉದ್ಯಾನ, ಸೊಳ್ಳೆಗೆ ಕೀಟ ನಿಯಂತ್ರಣ, ಅನಧಿಕೃತ ಕಟ್ಟಡಕ್ಕೆ ಇನ್ನೊಂದು. ಖಾತೆ ನೋಡುವವರು ನಿಮ್ಮ ಪೋಸ್ಟನ್ನು ಇವುಗಳಲ್ಲಿ ಒಂದಕ್ಕೆ ದಾಟಿಸಬೇಕು. ಖಡ್ಡಾ (ರಸ್ತೆಗುಂಡಿ), ಕಸ, ಒಣಗಿದ ಕೊಂಬೆ ಮೂರನ್ನೂ ಒಂದೇ ಪೋಸ್ಟಿನಲ್ಲಿ ಬರೆದರೆ ಅದು ಒಂದೇ ಕಡೆ ಹೋಗುತ್ತದೆ. ಕಸ ಎತ್ತಿದ ಕೂಡಲೇ ದೂರು ಮುಗಿಯಿತು ಎಂದು ಮುಚ್ಚುತ್ತಾರೆ, ಖಡ್ಡಾ ಹಾಗೇ ಉಳಿಯುತ್ತದೆ. ಒಂದು ತೊಂದರೆಗೆ ಒಂದು ಪೋಸ್ಟ್, ಒಂದು ನಂಬರ್.

ಜಾಗದ ವಿಷಯದಲ್ಲಿ ಎಲ್ಲರೂ ಎಡವುವುದು ಫೋಟೋ ನಂಬಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೂ ಎಕ್ಸ್‌ಗೆ ಹಾಕಿದ ಫೋಟೋದಿಂದ ಆ ಮಾಹಿತಿ ಕಳಚಿಹೋಗುತ್ತದೆ, ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ಅಷ್ಟೇ. ಜಾಗವನ್ನು ಅಕ್ಷರದಲ್ಲೇ ಬರೆಯಬೇಕು: ರಸ್ತೆಯ ಹೆಸರು, ಯಾವ ಅಂಗಡಿಯ ಅಥವಾ ಕಟ್ಟಡದ ಎದುರು, ಸ್ಟೇಷನ್ ಕಡೆಗೆ ಹೋಗುವ ಬದಿಯೋ ಹೈವೇ ಕಡೆಯದೋ. ಹತ್ತಿರದ ಬೀದಿದೀಪದ ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಇದ್ದರೆ ಅದಕ್ಕಿಂತ ಒಳ್ಳೆಯ ಗುರುತು ಇಲ್ಲ. ಜೊತೆಗೆ ಗೂಗಲ್ ಮ್ಯಾಪ್ಸ್ ಕೊಂಡಿ.

ಫೋಟೋ ಎರಡು ಸಾಕು. ಒಂದು ದೂರದಿಂದ, ಅಂಗಡಿಯ ಬೋರ್ಡೋ ಕಂಬವೋ ಕಾಣುವ ಹಾಗೆ. ಇನ್ನೊಂದು ಹತ್ತಿರದಿಂದ, ಖಡ್ಡಾದ ಪಕ್ಕ ಒಂದು ಛತ್ರಿಯೋ ನೀರಿನ ಬಾಟಲಿಯೋ ಇಟ್ಟು, ಅಳತೆ ತಿಳಿಯಲಿ ಎಂದು. "ದೊಡ್ಡ ಖಡ್ಡಾ" ಎಂದರೆ ಏನೂ ತಿಳಿಯುವುದಿಲ್ಲ. ಸುಮಾರು 3 ಅಡಿ ಉದ್ದ, 2 ಅಡಿ ಅಗಲ, ಗೇಣುದ್ದ ಆಳ ಎಂದರೆ ಎಷ್ಟು ಮಾಲು ಬೇಕು, ಎಷ್ಟು ಜನ ಬೇಕು ಎಂದು ಅಂದಾಜಿಸಬಹುದು. ಜನರ ಮುಖ, ಗಾಡಿಗಳ ನಂಬರ್ ಪ್ಲೇಟ್ ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ನಿಮ್ಮ ಫೋನ್ ನಂಬರನ್ನು ಬಹಿರಂಗವಾಗಿ ಬರೆಯಬೇಡಿ. ಅವರು ಕೇಳಿದರೆ ಡಿಎಂನಲ್ಲಿ (ಖಾಸಗಿ ಮೆಸೇಜಿನಲ್ಲಿ) ಕೊಡಿ.

ಟ್ಯಾಗ್ ಮಾಡುವ ಮುನ್ನ ಆ ಜಾಗ ಯಾರದ್ದು ಎಂದು ನೋಡಿ. ನಿಮ್ಮ ಕಾಂದಿವಲಿ ಆರ್ ದಕ್ಷಿಣ ವಾರ್ಡ್. ಪಶ್ಚಿಮ ದ್ರುತಗತಿ ಹೆದ್ದಾರಿ (ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ) 2022ರವರೆಗೆ ಎಂಎಂಆರ್‌ಡಿಎ (ಮುಂಬಯಿ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ) ಕೈಯಲ್ಲಿತ್ತು, ಈಗ ಪಾಲಿಕೆಯದು, ಹಳೆಯ ಪಟ್ಟಿ ನೋಡಿಕೊಂಡು ಎಂಎಂಆರ್‌ಡಿಎಗೆ ಬರೆದರೆ ದಿನ ಹಾಳು. ಸ್ಟೇಷನ್ ಆವರಣ, ಪಾದಚಾರಿ ಸೇತುವೆ ರೈಲ್ವೆಯದಾಗಿರಬಹುದು. ಗಾಡಿ ಅಡ್ಡ ನಿಲ್ಲಿಸಿದ್ದು, ಸಿಗ್ನಲ್ ಕೆಟ್ಟಿದ್ದು ಟ್ರಾಫಿಕ್ ಪೊಲೀಸರ ಖಾತೆಗೆ. ಸೊಸೈಟಿ ಕಂಪೌಂಡಿನ ಒಳಗಿನ ಮರ ಸೊಸೈಟಿಯ ಹೊಣೆ. ಅದಕ್ಕೆ ಪೋಸ್ಟ್ ಅಲ್ಲ, ವಾರ್ಡಿನ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಅನುಮತಿ ಇಲ್ಲದೆ ಕೊಂಬೆ ಕಡಿಸಿದರೆ 1975ರ ಮರ ಸಂರಕ್ಷಣಾ ಕಾಯ್ದೆಯಡಿ ಕೇಸು ಸೊಸೈಟಿಯ ಮೇಲೆಯೇ ಬರುತ್ತದೆ.

ಮುಂಬಯಿಯಲ್ಲಿ ಮಳೆನೀರಿನ ಚರಂಡಿ ಬೇರೆ, ಒಳಚರಂಡಿ ಬೇರೆ, ನೋಡಿಕೊಳ್ಳುವ ವಿಭಾಗಗಳೂ ಬೇರೆ. ಮಳೆಯೇ ಇಲ್ಲದ ದಿನ ಮ್ಯಾನ್‌ಹೋಲ್‌ನಿಂದ ನಾರುವ ನೀರು ಉಕ್ಕುತ್ತಿದ್ದರೆ ಒಳಚರಂಡಿ ಕಟ್ಟಿಕೊಂಡಿದೆ ಎಂದು ಬರೆಯಿರಿ. ಮಳೆ ಬಂದಾಗ ಮಾತ್ರ ನಿಲ್ಲುವ ನೀರಾದರೆ ಮಳೆನೀರಿನ ಚರಂಡಿ ಎಂದು ಬರೆಯಿರಿ. ಬರೀ "ಗಟಾರ ತುಂಬಿದೆ" ಎಂದರೆ ಎರಡು ವಿಭಾಗಗಳ ನಡುವೆ ನಿಮ್ಮ ದೂರು ಚೆಂಡಿನ ಹಾಗೆ ಅತ್ತಿತ್ತ ಹೋಗುತ್ತದೆ.

ನಳದ_ನೀರು

ಎರಡನೆಯ ಪ್ರಶ್ನೆಗೆ ನಾನು ಬರುತ್ತೇನೆ, ಏಕೆಂದರೆ ಇಲ್ಲಿ ಆಗುವ ತಪ್ಪು ನೇರ ಟ್ಯಾಂಕಿಗೆ ತಟ್ಟುತ್ತದೆ.

ಸ್ಥಳೀಯ ಸಂಸ್ಥೆಗಳ ಆಡಳಿತ ಮರಾಠಿಯಲ್ಲೇ ನಡೆಯಬೇಕೆಂದು ಮಹಾರಾಷ್ಟ್ರ 2022ರಲ್ಲಿ ಕಾಯ್ದೆ ಮಾಡಿದೆ, ಹಾಗಾಗಿ ಪೋಸ್ಟ್ ಮೊದಲು ಬರುವುದು ಮರಾಠಿಯಲ್ಲಿ. ಕನ್ನಡದವರಿಗೆ ಅಪಾಯ ಇರುವುದು ಗೊತ್ತಿಲ್ಲದ ಪದದಲ್ಲಿ ಅಲ್ಲ, ಗೊತ್ತಿದೆ ಎಂದು ಅನಿಸುವ ಪದದಲ್ಲಿ. "ಪಾಣೀಪುರವಠಾ ಖಂಡಿತ" ಎಂದಿದ್ದರೆ ನಮ್ಮ ಕಿವಿಗೆ ನೀರು ಖಂಡಿತ ಬರುತ್ತದೆ ಎಂದು ಕೇಳಿಸುತ್ತದೆ. ಮರಾಠಿಯಲ್ಲಿ ಖಂಡಿತ ಎಂದರೆ ಕಡಿದುಹೋಗಿದೆ, ನಿಂತಿದೆ. ಅರ್ಥ ಪೂರಾ ಉಲ್ಟಾ. ಹಾಗೆಯೇ "ತಕ್ರಾರ" ಎಂದರೆ ನಮ್ಮ ತಕರಾರು ಅಲ್ಲ, ದೂರು. ಮಳೆಗಾಲದ ಪೋಸ್ಟಿನಲ್ಲಿ "ಭರತೀ" ಎಂದರೆ ಕಡಲಿನ ಉಬ್ಬರ, "ಓಹೋಟೀ" ಎಂದರೆ ಇಳಿತ. "ಪಾಣೀಕಪಾತ" ಅಂದರೆ ನೀರಿನ ಕಡಿತ, ಪೂರ್ತಿ ಬಂದ್ ಅಲ್ಲ. "ಕಮೀ ದಾಬಾನೇ" ಅಂದರೆ ನೀರು ಬರುತ್ತದೆ, ಜೋರಿರುವುದಿಲ್ಲ. "ಪಾಣೀ ಗಾಳೂನ ವ ಉಕಳೂನ ಪ್ಯಾವೇ" ಎಂದರೆ ಸೋಸಿ ಕುದಿಸಿ ಕುಡಿಯಿರಿ. ಅದನ್ನು ಅನುವಾದದಲ್ಲಿ ಎಂದೂ ಬಿಡಬೇಡಿ. ಪೈಪು ಖಾಲಿಯಾಗಿ ಮತ್ತೆ ತುಂಬುವಾಗ ಸೋರುವ ಕೀಲುಗಳ ಮೂಲಕ ಹೊರಗಿನ ಕೊಳೆ ಒಳಗೆ ಬರುತ್ತದೆ, ಮೊದಲ ನೀರು ಕೆಂಪಗೆ ಬರುವುದು ಸಾಮಾನ್ಯ.

ಸಮಯದ ಲೆಕ್ಕ ಇನ್ನೂ ಮುಖ್ಯ. ಮುಂಬಯಿಯ ಹೆಚ್ಚಿನ ಕಡೆ ನೀರು ಬರುವುದು ದಿನಕ್ಕೆ ಕೆಲವೇ ಗಂಟೆ. ಒಂದು ಉದಾಹರಣೆ ಹಿಡಿಯಿರಿ. ಪಾಲಿಕೆ ಬರೆದಿದೆ: ಸೋಮವಾರ ಬೆಳಿಗ್ಗೆ 10ರಿಂದ ಮಂಗಳವಾರ ಬೆಳಿಗ್ಗೆ 10ರವರೆಗೆ ನೀರು ಬಂದ್. ನಿಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಗಿನ 4.30ರಿಂದ 7ರವರೆಗೆ. ಸೋಮವಾರದ ನೀರು ಬಂದು ಹೋಗಿರುತ್ತದೆ, ಮಂಗಳವಾರದ್ದು ತಪ್ಪುತ್ತದೆ, ಮತ್ತೆ ಬರುವುದು ಬುಧವಾರ 4.30ಕ್ಕೆ. ಪೋಸ್ಟಿನಲ್ಲಿ ಬಂದ್ ಇರುವುದು 24 ಗಂಟೆ, ನಿಮ್ಮ ಟ್ಯಾಂಕ್ ತಡೆಯಬೇಕಾದದ್ದು 45 ಗಂಟೆಗೂ ಹೆಚ್ಚು. 40 ಮನೆ, ಮನೆಗೆ 4 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ದಿನಕ್ಕೆ 21,600 ಲೀಟರ್. 45 ಗಂಟೆಗೆ 40,000 ಲೀಟರ್ ದಾಟುತ್ತದೆ. ಕೆಳಗಿನ ಟ್ಯಾಂಕ್, ಮೇಲಿನ ಟ್ಯಾಂಕ್ ಎರಡೂ ಸೇರಿ ಅಷ್ಟಿಲ್ಲದಿದ್ದರೆ ಪಂಪ್ ಹಾಕುವ ಹೊತ್ತನ್ನು ಸೋಮವಾರದಿಂದಲೇ ಅರ್ಧಕ್ಕೆ ಇಳಿಸಬೇಕು.

ಆದ್ದರಿಂದ ಪೋಸ್ಟನ್ನು ಅನುವಾದಿಸಬೇಡಿ, ನಿಮ್ಮ ಕಟ್ಟಡಕ್ಕೆ ಒಗ್ಗಿಸಿ ಬರೆಯಿರಿ: "ಮಂಗಳವಾರ ಬೆಳಗಿನ ನೀರು ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಬಂದ ನೀರೇ ಬುಧವಾರ ಬೆಳಗಿನವರೆಗೆ. ಕುಡಿಯುವ ನೀರು ಸೋಮವಾರ 7ರೊಳಗೆ ತುಂಬಿಸಿಡಿ. ಬುಧವಾರದ ನೀರು ಕುದಿಸಿ ಕುಡಿಯಿರಿ." ಸಂಜೆ ನೀರು ಬರುವ ಕಟ್ಟಡವಾದರೆ ಲೆಕ್ಕ ಬದಲಾಗುತ್ತದೆ, ಅವರು ಭಾನುವಾರ ಸಂಜೆಯೇ ತುಂಬಿಸಿಕೊಳ್ಳಬೇಕು. ಬೇರೆ ಸೊಸೈಟಿಯವರ ಮೆಸೇಜನ್ನು ಹಾಗೇ ದಾಟಿಸಬಾರದು ಎನ್ನುವುದು ಇದಕ್ಕೇ.

ನೀರು ಹೊಲಸು ಎಂದು ದೂರು ಹಾಕುವಾಗ ಒಂದು ಮಾತು. ಪಾಲಿಕೆಯವರು ಮೊದಲು ನೋಡುವುದು ಹೊಲಸು ಮೀಟರಿನ ಆಚೆಗೋ ಈಚೆಗೋ ಎಂದು. ನೀರು ಬರುವ ಹೊತ್ತಿನಲ್ಲಿ, ಕೆಳಗಿನ ಟ್ಯಾಂಕಿಗೆ ಬೀಳುವ ಜಾಗದಲ್ಲೇ ಒಂದು ಸ್ವಚ್ಛ ಗಾಜಿನ ಲೋಟದಲ್ಲಿ ಹಿಡಿದು, ಬಿಳಿ ಕಾಗದದ ಮುಂದಿಟ್ಟು ಫೋಟೋ ತೆಗೆಯಿರಿ. ಮೇಲಿನ ಟ್ಯಾಂಕಿನ ನಳದ ನೀರಿನ ಫೋಟೋ ಹಾಕಿದರೆ "ನಿಮ್ಮ ಟ್ಯಾಂಕ್ ತೊಳೆಸಿ" ಎಂದು ಹೇಳುತ್ತಾರೆ, ಅದು ಸರಿಯೂ ಹೌದು. ಎಷ್ಟು ದಿನದಿಂದ, ಮೊದಲ ಹತ್ತು ನಿಮಿಷ ಮಾತ್ರವೋ ಪೂರ್ತಿ ಹೊತ್ತೋ, ಪಕ್ಕದ ಕಟ್ಟಡಕ್ಕೂ ಹೀಗೇ ಇದೆಯೇ, ಇಷ್ಟನ್ನು ಬರೆಯಿರಿ. ಮೊದಲ ಹತ್ತು ನಿಮಿಷ ಮಾತ್ರವಾದರೆ ಸೋರಿಕೆ ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು. ಹುಡುಕುವವರಿಗೆ ಅದು ದೊಡ್ಡ ಸುಳಿವು. ನೀರಿನ ಬಿಲ್ಲಿನ ಮೇಲಿರುವ ಸಿಸಿಎನ್ (ನೀರಿನ ಸಂಪರ್ಕದ) ನಂಬರನ್ನು ಡಿಎಂನಲ್ಲಿ ಕೊಡಿ.

ಉಬ್ಬರ_ಇಳಿತ

ಮಳೆ ಪೋಸ್ಟ್‌ಗಳ ಬಗ್ಗೆ ಸ್ವಲ್ಪ.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣ ಎಷ್ಟು ಮಳೆ ಬಿತ್ತು ಎನ್ನುವುದಲ್ಲ, ಎಷ್ಟು ಸಿದ್ಧರಿರಬೇಕು ಎನ್ನುವುದು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4ರ ಮೇಲೆ ಅತ್ಯಂತ ಭಾರೀ. ಒಂದೇ ದಿನ ಎರಡು ಲೆಕ್ಕ ಕಂಡರೆ ಗಾಬರಿ ಬೇಡ. ಇಲಾಖೆಯ ದಿನ ಬೆಳಿಗ್ಗೆ 8.30ರಿಂದ 8.30ಕ್ಕೆ, ಪಾಲಿಕೆ ತನ್ನ ಮಳೆಮಾಪಕಗಳ ಲೆಕ್ಕ ಹಾಕುವುದು 8ರಿಂದ 8ಕ್ಕೆ. ಜಾಗವೂ ಬೇರೆ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಬಿದ್ದರೆ ಕೊಲಾಬಾದಲ್ಲಿ ನೂರೂ ದಾಟಿರಲಿಲ್ಲ. "ಮುಂಬಯಿಯಲ್ಲಿ ಇಷ್ಟು ಮಳೆ" ಎಂದು ಗ್ರೂಪಿಗೆ ಹಾಕುವಾಗ ಯಾವ ಕೇಂದ್ರದ್ದು ಎಂದು ಬರೆಯಲೇಬೇಕು.

ಪಾಲಿಕೆ ದಿನವೂ ಉಬ್ಬರದ ಹೊತ್ತು ಮತ್ತು ಎತ್ತರ ಹಾಕುತ್ತದೆ. 4.5 ಮೀಟರ್ ಮತ್ತು ಮೇಲಿದ್ದರೆ ಕೆಂಪು ಗುರುತು ಹಾಕಿಕೊಳ್ಳಿ. ನಗರದ ಮಳೆನೀರು ಸಮುದ್ರ ಸೇರುವ ಬಾಯಿಗಳಲ್ಲಿ ಬಹಳಷ್ಟು ಉಬ್ಬರದ ಮಟ್ಟಕ್ಕಿಂತ ಕೆಳಗಿವೆ. ಆ ಹೊತ್ತಿನಲ್ಲಿ ಜೋರು ಮಳೆಯೂ ಸೇರಿದರೆ ನೀರಿಗೆ ದಾರಿಯಿಲ್ಲ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಬ್ರಿಟಾನಿಯಾ ಮುಂತಾದ ಪಂಪಿಂಗ್ ಸ್ಟೇಷನ್‌ಗಳು ನೀರನ್ನು ಎತ್ತಿ ಹಾಕಬೇಕಾಗುತ್ತದೆ. ಬರೀ ಉಬ್ಬರಕ್ಕೆ ಹೆದರಬೇಕಿಲ್ಲ, ಬರೀ ಮಳೆಗೂ ಅಷ್ಟಿಲ್ಲ. ಎರಡೂ ಒಂದೇ ಗಂಟೆಗೆ ಕೂಡುತ್ತವೆಯೇ ಎಂದು ನೋಡಿ. ಕೂಡುವುದಾದರೆ ಅಂಧೇರಿ ಸಬ್‌ವೇ, ಮಾಟುಂಗಾದ ಗಾಂಧಿ ಮಾರ್ಕೆಟ್ ದಾರಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ಎರಡು ಗಂಟೆ ಮೊದಲೇ ತಿಳಿಸಿ.

ಮತ್ತೊಂದು: ಎಚ್ಚರಿಕೆಯ ಸ್ಕ್ರೀನ್‌ಶಾಟ್ ದಾಟಿಸಬೇಡಿ. ಬೆಳಿಗ್ಗೆ ಕಿತ್ತಳೆ ಇದ್ದದ್ದು ಮಧ್ಯಾಹ್ನ ಕೆಂಪಾಗಬಹುದು, ಮುಂದಿನ ಮೂರು ತಾಸಿಗಷ್ಟೇ ಕೊಟ್ಟ ಮುನ್ಸೂಚನೆ ರಾತ್ರಿಯವರೆಗೂ ಸುತ್ತುತ್ತಿರುತ್ತದೆ. ಶಾಲೆಗೆ ರಜೆ ಎಂಬ ಹೋದ ವರ್ಷದ ಚಿತ್ರ ಪ್ರತಿ ಜುಲೈನಲ್ಲಿ ಮತ್ತೆ ಬರುತ್ತದೆ. ಪೋಸ್ಟಿನ ಕೊಂಡಿಯನ್ನೇ ಹಾಕಿ, ಕೆಳಗೆ ಕನ್ನಡದಲ್ಲಿ ತಾರೀಖು ಮತ್ತು "ಇಷ್ಟು ಗಂಟೆಯವರೆಗೆ" ಎಂದು ಬರೆಯಿರಿ.

ಕಾಂದಿವಲಿ_ಪೂರ್ವ

ಖಂಡಿತ ಪದದ ವಿಷಯ ಹೇಳಿದ್ದು ಬಹಳ ಉಪಕಾರವಾಯಿತು. 45 ಗಂಟೆಯ ಲೆಕ್ಕ ಕಮಿಟಿಗೆ ತೋರಿಸುತ್ತೇನೆ. ಇನ್ನೆರಡು ಸಂದೇಹ: ಕೆಲಸ ಆಗದೆಯೇ ದೂರು ಮುಚ್ಚಿದ್ದಾರೆ ಎಂದು ಕಂಡರೆ ಮುಂದೇನು? ಎಕ್ಸ್ ಖಾತೆಯೇ ಇಲ್ಲದ ಹಿರಿಯರು ಕೊಂಡಿ ಒತ್ತಿದರೆ ಹಳೆಯ ಪೋಸ್ಟ್‌ಗಳು ಮೇಲೆ ಬರುತ್ತವಲ್ಲ, ಯಾಕೆ?

ಕುರ್ಲಾ_ನಿವಾಸಿ

ಎರಡನೆಯದಕ್ಕೆ ಉತ್ತರ: ಲಾಗಿನ್ ಆಗದೆ ಖಾತೆಯ ಪುಟ ತೆರೆದರೆ ಎಕ್ಸ್ ಪೋಸ್ಟ್‌ಗಳನ್ನು ತಾರೀಖಿನ ಕ್ರಮದಲ್ಲಿ ತೋರಿಸುವುದಿಲ್ಲ, 2023ರಿಂದ ಹೀಗೆ. ಎರಡು ವರ್ಷ ಹಿಂದಿನ ನೀರು ಬಂದ್ ಪೋಸ್ಟ್ ಮೊದಲು ಕಂಡು ಹಿರಿಯರು ಗಾಬರಿಯಾಗುತ್ತಾರೆ. ಆದ್ದರಿಂದ ಖಾತೆಯ ಕೊಂಡಿ ಕೊಡಬೇಡಿ, ಆಯಾ ಪೋಸ್ಟಿನ ಕೊಂಡಿ ಮಾತ್ರ ಕೊಡಿ. ಅಸಲಿ ಸರಕಾರಿ ಖಾತೆ ಎಂದು ಎಕ್ಸ್ ಕೊಡುವ ಗುರುತು ಬೂದು ಬಣ್ಣದ ಟಿಕ್. ನೀಲಿ ಟಿಕ್ ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತದೆ. ಬೂದು ಟಿಕ್ ಇಲ್ಲದ ವಾರ್ಡ್ ಖಾತೆ ಕಂಡರೆ ಪಾಲಿಕೆಯ ಮುಖ್ಯ ಖಾತೆ ಅದನ್ನು ಟ್ಯಾಗ್ ಮಾಡಿ ಉತ್ತರಿಸುತ್ತದೆಯೇ ಎಂದು ನೋಡಿಕೊಳ್ಳಿ.

ಗ್ರೂಪಿನ ಬಗ್ಗೆ. ಹರಟೆಯ ಗ್ರೂಪಿನಲ್ಲಿ ಸೂಚನೆ ಹಾಕಿದರೆ ಶುಭೋದಯದ ಹೂವುಗಳ ಕೆಳಗೆ ಹುಗಿದುಹೋಗುತ್ತದೆ. ಬೇರೆ ಗ್ರೂಪ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸುವ ಹಾಗೆ ಇಡಿ. ಅಡ್ಮಿನ್ ಇಬ್ಬರಿರಲಿ, ಒಬ್ಬರು ಬರೆದರೆ ಇನ್ನೊಬ್ಬರು ಮೂಲ ಪೋಸ್ಟಿನ ಜೊತೆ ತಾಳೆ ನೋಡಲಿ. ಪಠ್ಯದ ಜೊತೆ ಅರ್ಧ ನಿಮಿಷದ ಧ್ವನಿ ಮೆಸೇಜ್ ಹಾಕಿದರೆ ಕಣ್ಣು ಮಸುಕಾದವರಿಗೂ ತಲುಪುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಪಟ್ಟಿ ವಾಚ್‌ಮನ್ ಹತ್ತಿರ ಇರಲಿ, ಇಂಟರ್‌ಕಾಂನಲ್ಲಿ ಹೇಳಲಿ.

"ಇಂದು ರಾತ್ರಿ ನಿಮ್ಮ ನೀರು ಕಟ್, ಈ ನಂಬರಿಗೆ ಫೋನ್ ಮಾಡಿ, ಈ ಆ್ಯಪ್ ಹಾಕಿಕೊಳ್ಳಿ" ಎಂಬ ಮೆಸೇಜ್ ಬಂದರೆ ಅದು ಮೋಸವೇ. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು (ಒತ್ತಿದರೆ ಆ್ಯಪ್ ಕೂರಿಸುವ ಫೈಲ್) ಮುಟ್ಟಲೇಬಾರದು ಎಂದು ಗ್ರೂಪಿನ ವಿವರಣೆಯಲ್ಲೇ ಬರೆದಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದರೆ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಸಯನ್_ಸರ್ಕಲ್

ಮುಚ್ಚಿದ ದೂರಿಗೆ: ಅದೇ ದಿನ, ಅದೇ ಜಾಗದಲ್ಲಿ, ಅದೇ ಕೋನದಿಂದ ಹೊಸ ಫೋಟೋ ತೆಗೆಯಿರಿ. ಹಳೆಯ ಪೋಸ್ಟಿಗೇ ಉತ್ತರವಾಗಿ ಹಾಕಿ, ದೂರಿನ ನಂಬರ್ ಮತ್ತು ಮುಚ್ಚಿದ ತಾರೀಖು ಬರೆಯಿರಿ. ಸಿಟ್ಟಿನಲ್ಲಿ ಹಳೆಯ ಪೋಸ್ಟ್ ಅಳಿಸಬೇಡಿ, ತಾರೀಖಿನ ಸಾಕ್ಷಿ ಅದೊಂದೇ. ಅಲ್ಲೂ ಆಗದಿದ್ದರೆ ಸಹಾಯಕ ಆಯುಕ್ತರಿಗೆ ಸೊಸೈಟಿ ಲೆಟರ್‌ಹೆಡ್‌ನಲ್ಲಿ ಪತ್ರ, ನಕಲಿನ ಮೇಲೆ ಸ್ವೀಕೃತಿ ಸೀಲು. ಅದರ ಮೇಲೆ ವಲಯದ ಉಪಾಯುಕ್ತರು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದ ಗಡುವು. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಲಿಲ್ಲ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಕಾಯ್ದೆ ಕೊಡಿಸುವುದು ದಾಖಲೆಯನ್ನು. ಹೀಗೆ ಕೇಳಿ: ಇಂಥ ನಂಬರಿನ ದೂರಿನ ಮೇಲೆ ಸ್ಥಳ ಪರಿಶೀಲನೆ ಮಾಡಿದ ತಾರೀಖು, ಅಧಿಕಾರಿಯ ಹುದ್ದೆ, ಮುಚ್ಚುವಾಗ ದಾಖಲಿಸಿದ ಷರಾ ಮತ್ತು ಫೋಟೋದ ನಕಲು, ಗುತ್ತಿಗೆದಾರರಿಂದ ಕೆಲಸ ಮಾಡಿಸಿದ್ದರೆ ಮೆಷರ್‌ಮೆಂಟ್ ಬುಕ್‌ನ (ಮಾಡಿದ ಕೆಲಸದ ಅಳತೆ ಬರೆಯುವ ಪುಸ್ತಕ) ಆ ಪುಟ. ರಸ್ತೆ ಹೊಸದಾಗಿ ಕಾಂಕ್ರೀಟ್ ಆಗಿದ್ದರೆ ಡಿಫೆಕ್ಟ್ ಲಯಬಿಲಿಟಿ ಅವಧಿ ಯಾವಾಗಿನವರೆಗೆ ಎಂಬುದಕ್ಕೆ ಬೇರೆ ಅರ್ಜಿ ಹಾಕಿ. ಆ ಅವಧಿಯೊಳಗೆ ಒಡೆದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು.

ಪೋಸ್ಟನ್ನು ಮರಾಠಿಯಲ್ಲೇ ಬರೆದರೆ ಕೆಲಸ ಸುಲಭ. ಬರೆಯಲು ಬಾರದಿದ್ದರೆ ಕೀಬೋರ್ಡಿನ ಮೈಕ್ ಒತ್ತಿ ಮರಾಠಿ ಆಯ್ದು ಮಾತಾಡಿ. ಈ ಅಚ್ಚು ಸಾಕು: "ತಕ್ರಾರ ಕ್ರಮಾಂಕ: … ವಿಷಯ: ರಸ್ತ್ಯಾವರೀಲ ಖಡ್ಡಾ. ಠಿಕಾಣ: … ಖೂಣ: … ಸಮೋರ. ಕಧೀಪಾಸೂನ: … ಆಕಾರ: …" ಅಂದರೆ ಕ್ರಮವಾಗಿ ದೂರಿನ ನಂಬರ್, ವಿಷಯ (ರಸ್ತೆ ಮೇಲಿನ ಖಡ್ಡಾ), ಜಾಗ, ಗುರುತು (ಇಂಥದ್ದರ ಎದುರು), ಯಾವಾಗಿನಿಂದ, ಅಳತೆ.

ನಳದ_ನೀರು

ಅಚ್ಚು ಚೆನ್ನಾಗಿದೆ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಉಚಿತ ಖಾತೆಗೆ 280ರ ಮಿತಿ ಇದೆ, ಎಕ್ಸ್ ಎಣಿಸುವುದು ನಾವು ಎಣಿಸುವ ಹಾಗಲ್ಲ. ಗುಣಿತ, ಒತ್ತು, ಹಲಂತ ಒಂದೊಂದಕ್ಕೂ ಒಂದೊಂದು ಲೆಕ್ಕ. "ರಸ್ತ್ಯಾವರೀಲ" ಕಣ್ಣಿಗೆ ಐದು ಅಕ್ಷರ, ಎಕ್ಸ್‌ಗೆ 11. ಕೊಂಡಿ ಎಷ್ಟೇ ಉದ್ದವಿದ್ದರೂ 23. ಆದ್ದರಿಂದ ಮುಖ್ಯ ಪೋಸ್ಟಿನಲ್ಲಿ ನಂಬರ್, ಜಾಗ, ಗುರುತು, ಕೊಂಡಿ ಇಷ್ಟೇ ಇಟ್ಟು, ಅಳತೆ ಮತ್ತು ಎಷ್ಟು ದಿನದಿಂದ ಎಂಬುದನ್ನು ಅದರ ಕೆಳಗೆ ನೀವೇ ಬರೆಯುವ ಮೊದಲ ಉತ್ತರಕ್ಕೆ ಬಿಡಿ. ಜಾಗವನ್ನು ಮಾತ್ರ ಉತ್ತರಕ್ಕೆ ತಳ್ಳಬೇಡಿ. ಪೋಸ್ಟನ್ನು ವಿಭಾಗಕ್ಕೆ ದಾಟಿಸುವಾಗ ಕೆಳಗಿನ ಉತ್ತರ ಅದರ ಜೊತೆ ಹೋಗುವುದಿಲ್ಲ.